ತೆರೆಯ ಮೇಲೆ ಚಿತ್ರ, ವೇದಿಕೆಯಲ್ಲಿ ವಾದ್ಯವೃಂದ

ಚಲನಚಿತ್ರ ತೆರೆಯ ಮೇಲೆ ಓಡುತ್ತಿರುವಾಗಲೇ ಅದರ ಹಿನ್ನೆಲೆ ಸಂಗೀತವನ್ನು ಸಿಂಫನಿ ವಾದ್ಯವೃಂದವು ಪ್ರೇಕ್ಷಕರೆದುರು ನುಡಿಸುವ ಪದ್ಧತಿ ಪಾಶ್ಚಾತ್ಯ ನಗರಗಳಲ್ಲಿ ಜನಪ್ರಿಯವಾಗಿದೆ. ಆದರೆ ಇದು ಹೊಸತಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ನಮ್ಮ ಚಿತ್ರಮಂದಿರಗಳಲ್ಲೂ ಹಾರ್ಮೋನಿಯಂ, ತಬಲಾ ವಾದಕರು ತೆರೆಯ ಬಳಿ ಕುಳಿತು ದೃಶ್ಯಕ್ಕೆ ತಕ್ಕಂತೆ ನುಡಿಸುತ್ತಿದ್ದರು. 1931ರಲ್ಲಿ ‘ಆಲಂ ಆರಾ’, 1934ರಲ್ಲಿ ಕನ್ನಡದ ‘ಸತಿ ಸುಲೋಚನಾ’ ತೆರೆಕಂಡು ವಾಕ್ಚಿತ್ರಗಳ ಯುಗ ಆರಂಭವಾದ ಮೇಲೆ ಆ ವಾದಕರ ಕಸುಬು ಕ್ರಮೇಣ ಕಣ್ಮರೆಯಾಯಿತು.

ಭಾರತೀಯ ಚಿತ್ರವೊಂದಕ್ಕೆ ಈ ಗೌರವ ದೊರೆತದ್ದು ಲಂಡನ್ನಿನಲ್ಲಿ. ಹಿಮಾಂಶು ರಾಯ್ ನಿರ್ಮಿಸಿ, ಫ್ರಾಂಜ್ ಆಸ್ಟೆನ್ ನಿರ್ದೇಶಿಸಿದ 1929ರ ಮೂಕಿ ಚಿತ್ರ ‘ಪ್ರಪಂಚ ಪಾಶ್’ಗೆ ನಿತಿನ್ ಸಾಹ್ನಿ ಹೊಸ ಸಂಗೀತ ರಚಿಸಿದರು. 2007ರಲ್ಲಿ ಟ್ರಫಾಲ್ಗರ್ ಚೌಕದಲ್ಲಿ ಲಂಡನ್ ಸಿಂಫನಿ ವಾದ್ಯವೃಂದವು ಅದನ್ನು ಚಿತ್ರದೊಂದಿಗೆ ನುಡಿಸಿತು. ಈ ಚಿತ್ರದ ತಯಾರಿಕೆಯಲ್ಲಿ ನೆರವಾಗಿದ್ದ ದೇವಿಕಾ ರಾಣಿ ಮುಂದೆ ಬೆಂಗಳೂರು ಬಳಿಯ ತಾತಗುಣಿ ಎಸ್ಟೇಟ್‌ನಲ್ಲಿ ನೆಲೆಸಿ, 1994ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ವಾಕ್ಚಿತ್ರವಾದರೆ ಸಂಭಾಷಣೆ ಮತ್ತು ಇತರ ಸದ್ದುಗಳನ್ನು ಉಳಿಸಿಕೊಂಡು, ಸಂಗೀತವನ್ನಷ್ಟೇ ತೆಗೆದುಹಾಕಲಾಗುತ್ತದೆ. ವಾದ್ಯವೃಂದದ ನಿರ್ದೇಶಕರ ಮುಂದೆ ಗುರುತುಗಳಿರುವ ಪುಟ್ಟ ಪರದೆ ಇರುತ್ತದೆ. ಹಲವೊಮ್ಮೆ ಕಿವಿಯಲ್ಲಿ ತಾಳದ ಸದ್ದೂ ಕೇಳಿಸುತ್ತಿರುತ್ತದೆ. ವಾದಕರು ತಡವರಿಸಿದರೂ ಚಿತ್ರ ನಿಲ್ಲುವುದಿಲ್ಲ.

ಹಳೆಯ ಕನ್ನಡ ಚಿತ್ರಗಳನ್ನು ಹೀಗೆ ತೋರಿಸಬೇಕಾದರೆ ಸಂಗೀತದ ಸ್ವರಲಿಪಿಯೂ, ಸಂಭಾಷಣೆಯ ಪ್ರತ್ಯೇಕ ಧ್ವನಿಮುದ್ರಣವೂ ಉಳಿದಿರಬೇಕು. ಎರಡೂ ಒಂದೇ ಧ್ವನಿಪಥದಲ್ಲಿ ಬೆರೆತುಹೋಗಿದ್ದರೆ ಬೇರ್ಪಡಿಸುವುದು ಕಷ್ಟ. ಆದ್ದರಿಂದ ಚಿತ್ರದ ರೀಲುಗಳಷ್ಟೇ ಜತನದಿಂದ ಸಂಗೀತದ ಹಾಳೆಗಳನ್ನೂ ಕಾಪಾಡುವುದು ಅಗತ್ಯ.