ಕಾಸರಗೋಡಿನ ಶಿಲಾಪಾಕ: ಅಂಗಡಿಮೊಗರಿನಿಂದ ಮಲ್ಪೆಯವರೆಗೆ

ಕಾಸರಗೋಡು ಜಿಲ್ಲೆಯಲ್ಲಿ ಜ್ವಾಲಾಮುಖಿಯಿಲ್ಲ. ಬೇಕಲ ಕೋಟೆಯ ಮುರಕಲ್ಲಿನ ತೂತುಗಳನ್ನು ಲಾವಾದ ಗುಳ್ಳೆಗಳೆಂದು ಭಾವಿಸುವವರುಂಟು. ಅವು ಅನಿಲ ಹೊರಬಿದ್ದ ಗುರುತಲ್ಲ. ಮಳೆನೀರು ಶಿಲೆಯ ಸಿಲಿಕಾ ಮತ್ತು ಕ್ಷಾರಾಂಶಗಳನ್ನು ತೊಳೆದೊಯ್ದ ಮೇಲೆ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಗಟ್ಟಿಯಾಗುತ್ತವೆ. ನಡುವಿನ ಮೆದುಜೇಡಿ ಕರಗಿಹೋದಲ್ಲಿ ಪೊಳ್ಳು ಉಳಿಯುತ್ತದೆ. ಶಿಲಾಪಾಕದ ಚರಿತ್ರೆ ಇರುವುದು ಈ ಕೆಂಪು ಹೊದಿಕೆಯ ಅಡಿಯಲ್ಲಿ.

ಅದರ ಮುಖ್ಯ ಸಾಕ್ಷಿ ಕುಂಬಳೆಯ ಒಳನಾಡಿನ ಅಂಗಡಿಮೊಗರು. ಇಲ್ಲಿನ ಸಯನೈಟ್ ಶಿಲಾಪಾಕ ಮೇಲ್ಮೈಗೆ ಬಾರದೆ ಆಳದಲ್ಲೇ ಹೆಪ್ಪುಗಟ್ಟಿ ಆದದ್ದು. ನಿಧಾನವಾಗಿ ತಣಿದ ಕಾರಣ ಅದರ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಹೆಚ್ಚಿನವು ಪೊಟ್ಯಾಸಿಯಂ, ಸೋಡಿಯಂಭರಿತ ಫೆಲ್ಡ್‌ಸ್ಪಾರ್. ಗ್ರಾನೈಟಿನಲ್ಲಿ ಧಾರಾಳವಾಗಿರುವ ಕ್ವಾರ್ಟ್ಜ್ ಇಲ್ಲಿ ಕಡಿಮೆ. ಇಂಥ ಕ್ಷಾರೀಯ ಶಿಲೆಗಳನ್ನು ಭೂಕವಚ ಹಿಗ್ಗಿ ಸೀಳಿದ ಕಾಲಘಟ್ಟಗಳಿಗೆ ಜೋಡಿಸುವುದು ವಾಡಿಕೆ. ಅಂಗಡಿಮೊಗರಿಗೂ ಕೇರಳದ ಇತರ ಕ್ಷಾರೀಯ ಶಿಲಾರಾಶಿಗಳಿಗೂ ಭೂವಿಜ್ಞಾನಿ ಎಂ. ಸಂತೋಷ್ ಮತ್ತು ಸಹಸಂಶೋಧಕರು ಇದೇ ವಿವರಣೆ ಕೊಟ್ಟಿದ್ದಾರೆ.

ಎರಡನೆಯ ರೂಪ ಡಾಲೆರೈಟ್ ಡೈಕುಗಳು, ಅಂದರೆ ಬಿರುಕುಗಳಲ್ಲಿ ಏರಿ ಗೋಡೆಯಂತೆ ನಿಂತ ಶಿಲಾಪಾಕ. ಕೇರಳದ ಡೈಕುಗಳಲ್ಲಿ ಕೆಲವು ಪ್ರೋಟೆರೋಜೋಯಿಕ್ ಯುಗದವು, ಕೆಲವು ಕ್ರಿಟೇಶಿಯಸ್‌ನ ಉತ್ತರಾರ್ಧದವು. ಬಣ್ಣ ನೋಡಿ ವಯಸ್ಸು ಹೇಳಲಾಗದು. ಮುರಕಲ್ಲಾಗಿ ಮಾರ್ಪಟ್ಟ ಮೇಲಂತೂ ಗುರುತಿಸುವುದೇ ಕಷ್ಟ. ಆಗ ಸುಲಭವಾಗಿ ಕೊಳೆಯದ ಇಲ್ಮೆನೈಟ್ ಕಣಗಳು, ಹೆಚ್ಚಿದ ಟೈಟಾನಿಯಂ ಪ್ರಮಾಣ ನೆರವಿಗೆ ಬರುತ್ತವೆ. ಬಿರುಕಿಲ್ಲದ ಡೈಕು ಅಂತರ್ಜಲಕ್ಕೆ ಅಡ್ಡಗಟ್ಟೆಯಾಗುವುದರಿಂದ, ಸುರಂಗ ಕೊರೆದು ನೀರು ಪಡೆಯುವ ಈ ಸೀಮೆಯಲ್ಲಿ ಅವುಗಳ ನಕ್ಷೆ ಬರೀ ಶಾಸ್ತ್ರದ ವಿಷಯವಲ್ಲ.

ಮೇಲ್ಮೈಗೆ ಬಂದ ಲಾವಾ ನೋಡಬೇಕಾದರೆ ಇದೇ ಕರಾವಳಿಯಲ್ಲಿ ಉತ್ತರಕ್ಕೆ, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಗಳಿಗೆ ಹೋಗಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಗುರುತಿಸಿದೆ. ದಖನ್ನಿನ ಬಸಾಲ್ಟಿಗಿಂತ ಇಲ್ಲಿನ ಲಾವಾದಲ್ಲಿ ಸಿಲಿಕಾ ಹೆಚ್ಚು, ಹಾಗಾಗಿ ಅಂಟೂ ಹೆಚ್ಚು. ತಣಿಯುತ್ತ ಕುಗ್ಗಿದಾಗ ಬಿರುಕುಗಳು ಒಳಮುಖವಾಗಿ ಇಳಿದು, ಐದಾರು ಮುಖಗಳ ಕಂಬಗಳು ಎದ್ದವು.

ಇವುಗಳ ವಯಸ್ಸಿನ ಬಗ್ಗೆ ಒಮ್ಮತವಿಲ್ಲ. ಜಿರ್ಕಾನ್ ಹರಳುಗಳ ಯುರೇನಿಯಂ–ಸೀಸ ವಿಧಾನ 2000ರಲ್ಲಿ 9.12 ಕೋಟಿ ವರ್ಷ ಎಂದಿತು. ಮರುವರ್ಷ ಪ್ರಕಟವಾದ ಆರ್ಗಾನ್ ಅಳತೆ 8.56 ಕೋಟಿ ವರ್ಷ ಎಂದಿತು. ಆರ್ಗಾನ್ ಅನಿಲವಾದ್ದರಿಂದ ಶಿಲೆ ಮಾರ್ಪಟ್ಟಾಗ ಸೋರಿಹೋಗಬಲ್ಲದು; ಜಿರ್ಕಾನ್ ಬಿಗಿಯಾದ ಹರಳು. ಆದ್ದರಿಂದ ಮೊದಲ ಅಂಕಿಗೆ ಹೆಚ್ಚು ತೂಕ ಕೊಡುವುದು ಸಮಂಜಸ. ಯಾವುದನ್ನು ಒಪ್ಪಿದರೂ, ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟ ಹೊತ್ತಿನಲ್ಲಿ ಮಡಗಾಸ್ಕರಿನಲ್ಲಿ ಉಕ್ಕಿದ ಲಾವಾದ ಕಾಲಮಾನಕ್ಕೆ ಎರಡೂ ಹೊಂದುತ್ತವೆ.