ಹಾಳುಗುಡಿಯ ದೆವ್ವವೂ ಮರೆತುಹೋದ ಹೆಸರೂ

ಚಿಕ್ಕಂದಿನಲ್ಲಿ ನಮ್ಮ ಮನೆಯ ಹಿರಿಯರು ಎರಡು ಹೊತ್ತಿನಲ್ಲಿ ಹಾಳುಗುಡಿಯ ಕಡೆಗೆ ಕಾಲಿಡಬಾರದೆಂದು ಕಟ್ಟಪ್ಪಣೆ ಮಾಡಿದ್ದರು: ಒಂದು ಮಟಮಟ ಮಧ್ಯಾಹ್ನ, ಇನ್ನೊಂದು ದೀಪ ಹಚ್ಚುವ ಹೊತ್ತು. “ಅಲ್ಲಿ ಗಾಳಿ ಐತಿ, ಬಡೀತೈತಿ” ಎಂಬುದು ಅಜ್ಜಿಯ ಮಾತು. ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಬೆಳೆದವರಲ್ಲಿ ಇಂಥ ಮಾತನ್ನು ಕೇಳದವರು ವಿರಳ. ದೆವ್ವ ಉಂಟೋ ಇಲ್ಲವೋ ಎಂಬ ಚರ್ಚೆ ಈ ಲೇಖನದ ಉದ್ದೇಶವಲ್ಲ. ನಮ್ಮ ಪಾಳುನೆಲೆಗಳಲ್ಲಿ ದೆವ್ವ ಬಂದು ಸೇರಿಕೊಂಡದ್ದು ಹೇಗೆ, ಶರಣರು ಅಂಥ ನೆಲೆಗಳನ್ನು ಯಾವ ಕಣ್ಣಿನಿಂದ ಕಂಡರು, ಇಂದು ನಮ್ಮ ಹೊಣೆ ಯಾವುದು ಎಂಬುದಷ್ಟೇ ಇಲ್ಲಿಯ ವಿಚಾರ.

ಈ ಸೀಮೆಯಲ್ಲಿ ಹಾಳು ಬಿದ್ದ ಗುಡಿ, ಕೋಟೆ, ಬಾವಿಗಳಿಗೆ ಕೊರತೆಯಿಲ್ಲ. ಕಂದಾಯದ ಹಳೆಯ ದಫ್ತರಗಳಲ್ಲಿ ಜನವಸತಿಯಿಲ್ಲದ ಗ್ರಾಮಕ್ಕೆ ‘ಬೇಚರಾಕ್’ ಎಂಬ ಹೆಸರುಂಟು. ಫಾರಸಿ ಮೂಲದ ಈ ಮಾತಿಗೆ ‘ದೀಪವಿಲ್ಲದ್ದು’ ಎಂದರ್ಥ. ದಂಡಿನ ಹಾವಳಿ, ಬರ, ಬೇನೆಗಳು ಎಷ್ಟೋ ಮನೆಗಳ ದೀಪವನ್ನು ಆರಿಸಿದವು. 1876-78ರ ಮಹಾಕ್ಷಾಮವು ಅಂದಿನ ಧಾರವಾಡ ಜಿಲ್ಲೆಯನ್ನು ಕಂಗೆಡಿಸಿತು. ಅದೇ ಶತಮಾನದ ಕೊನೆಯಲ್ಲಿ ಪ್ಲೇಗು ಹಬ್ಬಿದಾಗ ಜನ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ದೀಪ ಆರಿದ ಮನೆಯಲ್ಲಿ ಏನೋ ಇದೆ ಎಂದು ಮನಸ್ಸು ಕಲ್ಪಿಸುವುದು ಸಹಜವೇ. ಆದರೆ ಆ ಮನೆಯಲ್ಲಿ ಯಾರಿದ್ದರು ಎಂಬ ಪ್ರಶ್ನೆ ಕ್ರಮೇಣ ಮರೆಯಾಗಿ, ಏನಿದೆ ಎಂಬ ಭಯವೊಂದೇ ಉಳಿಯಿತು.

ಹನ್ನೆರಡನೆಯ ಶತಮಾನದ ಶರಣರಿಗೂ ಈ ಭಯ ಅಪರಿಚಿತವಾಗಿರಲಿಲ್ಲ. ಹಾಳು ದಿಬ್ಬ, ಊರ ದಾರಿ, ಕೆರೆ, ಬಾವಿ, ಆಲದ ಮರ ಮುಂತಾದ ಎಡೆಗಳಲ್ಲಿ ನೆಲಸಿ ಕೂಸುಗಳನ್ನೂ ಬಸುರಿ ಬಾಣಂತಿಯರನ್ನೂ ಹಿಡಿಯುತ್ತವೆಂದು ಜನ ನಂಬಿದ್ದ ಕ್ಷುದ್ರದೈವಗಳ ದೊಡ್ಡ ಪಟ್ಟಿಯನ್ನೇ ಬಸವಣ್ಣನವರು ಒಂದು ವಚನದಲ್ಲಿ ಕೊಟ್ಟಿದ್ದಾರೆ. ಇವೆಲ್ಲಕ್ಕೂ ಶಿವನಿಗೆ ಶರಣೆಂಬ ಒಂದೇ ಮಾತು ಸಾಕೆಂಬುದು ಅವರ ನಿಲುವು. ಅಕ್ಕಮಹಾದೇವಿಯವರು ಹಾಳು ದೇಗುಲವನ್ನೇ ತಾವು ಮಲಗುವ ತಾಣವೆಂದು ನಿರ್ಭಯವಾಗಿ ಎಣಿಸಿಕೊಂಡರು. ಹರಿಹರ ಕವಿಯ ಪ್ರಭುದೇವರ ರಗಳೆಯಲ್ಲಿ ಬರುವ ಪ್ರಸಂಗ ಇನ್ನೂ ಗಂಭೀರವಾದುದು. ಕಾಮಲತೆಯ ಮರಣದಿಂದ ನೊಂದು ಅಲೆಯುತ್ತಿದ್ದ ಅಲ್ಲಮರಿಗೆ ನೆಲದಲ್ಲಿ ಹೂತುಹೋದ ಗುಡಿಯ ಕಳಸ ಕಾಣಿಸುತ್ತದೆ. ಅವರು ಮಣ್ಣನ್ನು ತೆಗೆಸಿ, ಬಾಗಿಲು ತೆರೆದು ಒಳಹೊಕ್ಕಾಗ ಅಲ್ಲಿ ಲಿಂಗವನ್ನು ಹಿಡಿದು ಯೋಗನಿಷ್ಠರಾಗಿ ಕುಳಿತ ಅನಿಮಿಷಯ್ಯನವರು ಕಾಣುತ್ತಾರೆ. ಲೋಕ ಪಿಶಾಚಿಯನ್ನು ನಿರೀಕ್ಷಿಸುವ ಕತ್ತಲೆಯಲ್ಲಿ ಅಲ್ಲಮರಿಗೆ ದೊರೆತದ್ದು ಗುರು. ಹೂತುಹೋದ ಗುಡಿಯ ಬಾಗಿಲಲ್ಲಿ ಅವರು ಹೆದರಿ ಹಿಂದಿರುಗಿದ್ದರೆ ಪ್ರಭುದೇವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಶ್ಮಶಾನದ ವಿಷಯದಲ್ಲಿಯೂ ನಮ್ಮ ಸಂಪ್ರದಾಯದ ದೃಷ್ಟಿ ಬೇರೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣಧರ್ಮ ಅಲ್ಲಗಳೆಯಿತು. ಲಿಂಗೈಕ್ಯರಾದವರನ್ನು ಕುಳಿತ ಭಂಗಿಯಲ್ಲಿಯೇ, ಇಷ್ಟಲಿಂಗ ಸಮೇತವಾಗಿ, ವಿಭೂತಿ ಬಿಲ್ವಪತ್ರೆಗಳೊಡನೆ ಸಮಾಧಿ ಮಾಡುವುದು ರೂಢಿ. ಗುರುಗಳ ಸಮಾಧಿಯ ಮೇಲೆ ಗದ್ದುಗೆ ಏಳುತ್ತದೆ. ಅಲ್ಲಿಗೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ. ಗದ್ದುಗೆಯಾದರೂ ಹೂಳಿದ ನೆಲವೇ, ಊರ ಹೊರಗಿನ ಹಳೆಯ ಗೋರಿಯಾದರೂ ಹೂಳಿದ ನೆಲವೇ. ಒಂದಕ್ಕೆ ಕೈಮುಗಿದು ಇನ್ನೊಂದಕ್ಕೆ ಬೆದರುವುದೇಕೆ? ಗದ್ದುಗೆಯಲ್ಲಿ ಒರಗಿದವರ ಹೆಸರು ನಮಗೆ ಗೊತ್ತು. ಗೋರಿಯಲ್ಲಿರುವವರ ಹೆಸರನ್ನು ನಾವು ಮರೆತಿದ್ದೇವೆ. ಸತ್ತವರ ಹೆಸರನ್ನು ಊರು ಮರೆತೆಡೆಯಲ್ಲಿ ದೆವ್ವ ಹುಟ್ಟುತ್ತದೆ ಎಂಬುದು ನನ್ನ ಅನುಭವದ ಮಾತು.

ರೋಣ ಗಜೇಂದ್ರಗಡಗಳ ನಡುವಿನ ಸೂಡಿಯನ್ನು ನೋಡಿರಿ. ಇದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತು. ರಾಜಕುಮಾರಿ ಅಕ್ಕಾದೇವಿ ಈ ನಾಡನ್ನು ಆಳಿದಳು. ಒಂದನೆಯ ಸೋಮೇಶ್ವರನ ಅಧಿಕಾರಿಯಾದ ನಾಗದೇವನು ಸುಮಾರು 1060ರಲ್ಲಿ ಇಲ್ಲಿ ನಾಗೇಶ್ವರ ದೇವಾಲಯವನ್ನು ಕಟ್ಟಿಸಿದನು. ಜೋಡುಕಳಸದ ಗುಡಿಯೂ ನಾಗಕುಂಡವೂ ಆ ವೈಭವದ ಗುರುತುಗಳು. ಕಾಳಾಮುಖ ಶೈವ ಆಚಾರ್ಯರ ವಿದ್ಯಾನೆಲೆಯೂ ಇಲ್ಲಿತ್ತು. ಸೋಮೇಶ್ವರ ಪಂಡಿತರ ವಿದ್ವತ್ತನ್ನು ಸೂಡಿಯ ಶಾಸನಗಳು ಹೊಗಳಿವೆ. ಇಲ್ಲಿಯ ಶಾಸನಗಳನ್ನು ಬಾರ್ನೆಟ್ ಎಂಬ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಪ್ರಕಟಿಸಿ ನೂರು ವರ್ಷ ಕಳೆದಿವೆ. ಪಾಠ ಹೇಳುವವರು, ಪಾಠ ಕೇಳುವವರು, ಹಾಡುವವರು ತುಂಬಿದ್ದ ಎಡೆಯನ್ನು ‘ಅಲ್ಲಿ ಹೋಗಬೇಡ’ ಎಂದು ಮಕ್ಕಳಿಗೆ ತೋರಿಸುವುದು ಅಕ್ಷರಕ್ಕೆ ಮಾಡುವ ಅಪಚಾರವಲ್ಲವೆ?

ಊರ ಅಗಸೆಯ ಬಳಿ, ಕೆರೆಯ ಏರಿಯ ಮೇಲೆ ನಿಂತ ವೀರಗಲ್ಲು ಮಾಸ್ತಿಕಲ್ಲುಗಳ ಪಾಡೂ ಇದೇ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ದೇವಕನ್ನಿಕೆಯರು, ಮೇಲೆ ಶಿವಲಿಂಗದ ಪೂಜೆ ಇರುವುದು ವಾಡಿಕೆ. ತುರು ಕಾಯಲೆಂದೋ ಊರು ಉಳಿಸಲೆಂದೋ ಮಡಿದ ಒಬ್ಬ ಮನುಷ್ಯನ ಚರಿತ್ರೆ ಅದು. ಬಳೆ ತೊಟ್ಟ ಕೈಯನ್ನು ಮೇಲೆತ್ತಿದ ಮಾಸ್ತಿಕಲ್ಲು ಬೆಂಕಿಗೆ ಬಿದ್ದ ಒಬ್ಬ ಹೆಣ್ಣುಮಗಳ ನೋವಿನ ಗುರುತು. ಎಂ. ಚಿದಾನಂದಮೂರ್ತಿಯವರು 1966ರಲ್ಲಿಯೂ ಆರ್. ಶೇಷಶಾಸ್ತ್ರಿಯವರು 1982ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಇಂಥ ಕಲ್ಲುಗಳನ್ನು ಓದುವ ಬಗೆಯನ್ನು ನಮಗೆ ಕಲಿಸಿದವು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ನಾನು ಮಾಸ್ತರಿಕೆ ಮಾಡಿದ ಒಂದು ಹಳ್ಳಿಯಲ್ಲಿ, ಶಾಲೆಗೆ ಹೋಗುವ ದಾರಿಯ ಬದಿಗೆ, ಅರ್ಧ ಹೂತ ವೀರಗಲ್ಲೊಂದಿತ್ತು. ಊರವರು ಅದನ್ನು ದೆವ್ವದ ಕಲ್ಲು ಎನ್ನುತ್ತಿದ್ದರು. ಅಮಾವಾಸ್ಯೆಗೊಮ್ಮೆ ಯಾರೋ ಅದರ ಮುಂದೆ ಲಿಂಬೆಹಣ್ಣು ಕೊಯ್ದಿಡುತ್ತಿದ್ದರು. ಪಟ್ಟಿಕೆಯ ಮೇಲೆ ಮೂರು ಸಾಲು ಹಳಗನ್ನಡ ಅಕ್ಷರಗಳಿದ್ದವು. ಮುಂದಿನ ರಜೆಯಲ್ಲಿ ಓದಿದರಾಯಿತೆಂದು ವರ್ಷಗಟ್ಟಲೆ ಮುಂದೂಡಿದೆ. ರಸ್ತೆ ಅಗಲಗೊಳಿಸುವ ಕೆಲಸ ಬಂದಾಗ ಕಲ್ಲು ಒಡೆದುಹೋಯಿತು. ಒಂದು ನಕಲಾಗಲಿ, ಒಂದು ಛಾಯಾಚಿತ್ರವಾಗಲಿ ನನ್ನಲ್ಲಿರಲಿಲ್ಲ. ವಚನಗಳ ಪಾಠಾಂತರಗಳನ್ನು ತಿದ್ದುತ್ತ ಕುಳಿತಿದ್ದ ನನಗೆ, ದಿನಾಲು ದಾಟಿಹೋಗುತ್ತಿದ್ದ ಕಲ್ಲಿನಲ್ಲಿದ್ದ ಹೆಸರು ಗೊತ್ತಾಗಲೇ ಇಲ್ಲ.

ನರಗುಂದದ ಗುಡ್ಡದಲ್ಲಿ ಇದೇ ಮಾತು ಇನ್ನೂ ದೊಡ್ಡದಾಗಿ ಎದುರಾಗುತ್ತದೆ. 1785ರಲ್ಲಿ ಟಿಪ್ಪುವಿನ ಸೈನ್ಯಕ್ಕೆ ವಶವಾದ ಈ ಕೋಟೆ ಮುಂದೆ 1858ರ ಬಂಡಾಯದ ಕೇಂದ್ರವಾಯಿತು. ಸಂಸ್ಥಾನದ ಅಧಿಪತಿ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರಿಗೆ, ದತ್ತಕದ ಅನುಮತಿಯನ್ನು ಇಂಗ್ಲಿಷರು ನಿರಾಕರಿಸಿದ್ದರು; ಆಯುಧಗಳನ್ನು ಒಪ್ಪಿಸಬೇಕೆಂಬ ಒತ್ತಾಯ ಗಾಯದ ಮೇಲೆ ಬರೆಯಾಯಿತು. 1858ರ ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ನನ ಕೊಲೆಯಾಯಿತು. ಅವನ ತಲೆಯನ್ನು ನರಗುಂದಕ್ಕೆ ತಂದು ಊರ ಅಗಸೆಯಲ್ಲಿ ತೂಗುಹಾಕಲಾಯಿತು. ಜೂನ್ ಮೊದಲಿಗೇ ಇಂಗ್ಲಿಷ್ ದಂಡು ಊರಿನ ಮೇಲೆ ಬಿದ್ದಿತು. ಬಾಬಾಸಾಹೇಬರನ್ನು ಸೆರೆಹಿಡಿದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವರ ಮನೆತನದ ಹೆಣ್ಣುಮಕ್ಕಳು ಮಲಪ್ರಭೆಯ ಪಾಲಾದರು. ಕೋಟೆಯನ್ನು ಕೆಡವಲಾಯಿತು.

ಇಂಥ ಸಾವುಗಳನ್ನು ಕಂಡ ಗುಡ್ಡದಲ್ಲಿ ರಾತ್ರಿ ದನಿ ಕೇಳಿಸುತ್ತದೆಂದು ಯಾರಾದರೂ ಹೇಳಿದರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೆ ಆ ದನಿ ಯಾರದೆಂದು ಕೇಳಿದಾಗ ದತ್ತಕ, ನಿಃಶಸ್ತ್ರೀಕರಣ, ಬೆಳಗಾವಿಯ ಗಲ್ಲು, ಮಲಪ್ರಭೆಯ ಮಡು ಇವುಗಳನ್ನು ಹೇಳಬಲ್ಲವನು ಚರಿತ್ರೆಯನ್ನು ಬಲ್ಲವನು. ‘ದೆವ್ವದ್ದು’ ಎಂದು ಸುಮ್ಮನಾಗುವವನು ಆ ಜನರನ್ನು ಎರಡನೆಯ ಸಲ ಕೊಂದಂತೆ. ಕೊಂದವರು, ಸತ್ತವರು, ಕೊಲೆಯಾದ ಅಧಿಕಾರಿ ಎಲ್ಲರೂ ಮನುಷ್ಯರೇ ಎಂಬ ಎಚ್ಚರ ಇತಿಹಾಸದಿಂದ ಬರುತ್ತದೆಯೇ ಹೊರತು ಗಾಳಿಮಾತಿನಿಂದಲ್ಲ.

ಹಾಗೆಂದು ಜನಪದರ ಎಲ್ಲ ಅದೃಶ್ಯ ಕಥೆಗಳೂ ಭಯದಿಂದಲೇ ಹುಟ್ಟಿದವಲ್ಲ. ಗಜೇಂದ್ರಗಡ ಇದಕ್ಕೆ ಸಾಕ್ಷಿ. ಘೋರ್ಪಡೆ ಮನೆತನದ ಈ ಊರಿನ ಹೆಸರು 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಆದ ಒಪ್ಪಂದದಿಂದ ಚರಿತ್ರೆಯಲ್ಲಿ ನಿಂತಿದೆ. ಗುಡ್ಡದ ಮೇಲೆ ಕೋಟೆ ಬರಿದಾಗಿದ್ದರೂ, ಬಂಡೆಯ ಒಡಲಲ್ಲಿರುವ ಕಾಲಕಾಲೇಶ್ವರನ ಸನ್ನಿಧಿ ಜನರಿಂದ ತುಂಬಿರುತ್ತದೆ. ದಕ್ಷಿಣ ಕಾಶಿಯೆಂದು ಹೆಸರಾದ ಅಲ್ಲಿ ಅಂತರಗಂಗೆ ಹರಿಯುತ್ತದೆ. ಯುಗಾದಿಯ ಹಿಂದಿನ ಸಂಜೆ ಸುಣ್ಣ, ಕುಂಚ, ಜೊತೆಗೊಂದು ಹುಕ್ಕವನ್ನು ಸಿದ್ಧಮಾಡಿಟ್ಟರೆ, ಬೆಳಗಾಗುವಷ್ಟರಲ್ಲಿ ಗುಡಿಯ ಗೋಡೆಗೆ ಸುಣ್ಣ ಬಳಿದಿರುತ್ತದೆ, ಹುಕ್ಕವನ್ನೂ ಸೇದಿರುತ್ತದೆ ಎಂಬುದು ಅಲ್ಲಿಯ ಜನರ ನಂಬಿಕೆ. ಸುಣ್ಣ ಬಳಿಯುವವರನ್ನು ಕಂಡವರಿಲ್ಲ. ಈ ಕಥೆಯ ಸತ್ಯಾಸತ್ಯ ಏನೇ ಇರಲಿ, ಅದರ ಭಾವವನ್ನು ಗಮನಿಸಬೇಕು. ಆ ಅದೃಶ್ಯನು ಯಾರನ್ನೂ ಹಿಡಿಯುವುದಿಲ್ಲ, ಬಡಿಯುವುದಿಲ್ಲ; ಹೆಸರು ಬಯಸದೆ ಗೋಡೆಗೆ ಸುಣ್ಣ ಬಳಿದು, ದಣಿವಾರಿಸಿಕೊಂಡು ಹೋಗುತ್ತಾನೆ. ಕಾಯಕದ ನಾಡಿನ ಜನ ತಮ್ಮ ಅದೃಶ್ಯನಿಗೂ ಒಂದು ಕಾಯಕವನ್ನು ಕೊಟ್ಟಿದ್ದಾರೆ. ನಿತ್ಯ ದೀಪ ಹಚ್ಚುವ ನೆಲೆಯಲ್ಲಿ ಕಾಣದವನೂ ನಮ್ಮವನಾಗುತ್ತಾನೆ.

ಭಯದ ಕಥೆಗಳಿಂದ ಕೆಲವರಿಗೆ ಲಾಭವಿದೆ ಎಂಬುದನ್ನೂ ಮರೆಯುವಂತಿಲ್ಲ. ನಿಧಿಗೆ ಸರ್ಪದ ಕಾವಲು, ಭೂತದ ಕಾವಲು ಎಂದು ಹಬ್ಬಿಸಿದರೆ ಒಳ್ಳೆಯವರು ರಾತ್ರಿ ಆ ಕಡೆ ಸುಳಿಯುವುದಿಲ್ಲ. ಸುಳಿಯುವವರು ಹಾರೆ ಗುದ್ದಲಿ ಹಿಡಿದವರು ಮಾತ್ರ. ಅವರು ಪೀಠವನ್ನು ಕೀಳುತ್ತಾರೆ, ನಂದಿಯನ್ನು ಒಡೆಯುತ್ತಾರೆ, ಗೋರಿಯನ್ನೂ ಬಿಡುವುದಿಲ್ಲ. ಪುರಾತನ ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾಯಿದೆಯೂ 1961ರ ರಾಜ್ಯದ ಕಾಯಿದೆಯೂ ಇವೆ. ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯಿದೆ ವಿಧಿಸುತ್ತದೆ. ಆದರೆ ಊರ ಜನರ ಕಣ್ಗಾವಲಿಲ್ಲದ ಎಡೆಯಲ್ಲಿ ಕಾಯಿದೆ ಎಷ್ಟರಮಟ್ಟಿಗೆ ಕಾಯಬಲ್ಲದು?

ಆದುದರಿಂದ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಹಾಳುಗುಡಿಗೆ ಹೋಗಿರಿ, ಹಗಲಿನಲ್ಲಿ ಹೋಗಿರಿ, ಊರ ಹಿರಿಯರಿಗೆ ಹೇಳಿ ಹೋಗಿರಿ. ಪಿಗೌ, ನೀಲ್, ಬಿಗ್ಸ್ ಎಂಬವರು ಭಾರವಾದ ಸಲಕರಣೆಗಳನ್ನು ಹೊತ್ತು ತೆಗೆದ ಧಾರವಾಡ ಸೀಮೆಯ ಗುಡಿಗಳ ಛಾಯಾಚಿತ್ರಗಳು 1866ರಲ್ಲಿಯೇ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಅಚ್ಚಾದವು. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಚಿತ್ರ ತೆಗೆಯುವ ಫೋನು ಇದೆ. ಸವೆದ ಅಕ್ಷರಗಳು ನಡುಹಗಲಿನಲ್ಲಿ ಕಾಣಿಸವು. ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲಿನಲ್ಲಿ ಅವು ನೆರಳು ಚೆಲ್ಲಿ ಎದ್ದು ನಿಲ್ಲುತ್ತವೆ. ಕಲ್ಲಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಸ್ಥಳ, ದಿಕ್ಕು, ದಿನಾಂಕಗಳನ್ನು ಬರೆದಿಡಿರಿ. ಎಣ್ಣೆ ಬಳಿಯಬೇಡಿರಿ, ಮೊಳೆಯಿಂದ ಕೆರೆಯಬೇಡಿರಿ, ಒಂದು ತುಣುಕನ್ನೂ ಮನೆಗೆ ತರಬೇಡಿರಿ. ಊರ ಅಜ್ಜ ಅಜ್ಜಿಯರು ಹೇಳುವ ದೆವ್ವದ ಕಥೆಯನ್ನು ನಗದೆ ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಮರೆತುಹೋದ ಒಂದು ಹೆಸರಿನ ದಾರಿ ಅದರೊಳಗೇ ಇರಬಹುದು.

ಆ ಒಡೆದ ಕಲ್ಲಿನ ಮೂರು ಸಾಲು ಇನ್ನು ಓದಲು ಸಿಗುವುದಿಲ್ಲ. ಈ ಸೀಮೆಯಲ್ಲಿ ಓದದೆ ಉಳಿದ ಕಲ್ಲುಗಳು ಇನ್ನೂ ಇವೆ. ಅವುಗಳ ಮುಂದೆ ಲಿಂಬೆಹಣ್ಣು ಕೊಯ್ದಿಡುವ ಬದಲು ಒಬ್ಬ ವಿದ್ಯಾರ್ಥಿ ಕುಳಿತು ಒಂದು ಹೆಸರನ್ನು ಓದಿ ಊರಿಗೆ ಹೇಳಿದರೆ, ಆ ಊರಿನ ಒಂದು ದೆವ್ವ ಕಡಿಮೆಯಾಗಿ ಒಬ್ಬ ಹಿರಿಯ ಹೆಚ್ಚಾಗುತ್ತಾನೆ.