ಐದು ನಿಮಿಷದ ಪಲ್ಯ, ಸಾವಿರ ವರ್ಷದ ಒಲೆ

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಮನೆಗಳಲ್ಲಿ ಸಂಜೆಯ ಅಡುಗೆಗೆ ಒಂದು ಕ್ರಮವಿದೆ. ಅನ್ನ ಆಗಿರುತ್ತದೆ, ಸಾರು ಇಳಿದಿರುತ್ತದೆ, ಮೀನೋ ಮಾಂಸವೋ ಮೇಜಿಗೆ ಬಂದಿರುತ್ತದೆ. ಮನೆಮಂದಿ ಊಟಕ್ಕೆ ಕೂರುವ ಹೊತ್ತಿಗೆ, ಎಲ್ಲಕ್ಕಿಂತ ಕೊನೆಗೆ, ಸೊಪ್ಪು ಬಾಣಲೆಗೆ ಬೀಳುತ್ತದೆ. ಬಾಣಲೆ ಹೊಗೆಯಾಡುವಷ್ಟು ಕಾದಿರಬೇಕು. ಎರಡು ಚಮಚ ಎಣ್ಣೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ತೊಳೆದು ನೀರು ಬಸಿದ ಸೊಪ್ಪು. ದಂಟು ಮೊದಲು, ಎಲೆ ಆಮೇಲೆ. ಎರಡು ಮೂರು ನಿಮಿಷ ಬಿಡದೆ ಕೈಯಾಡಿಸಿ, ಕೊನೆಗೆ ಉಪ್ಪು, ಬೇಕಿದ್ದರೆ ಕೆಲವು ಹನಿ ಸೋಯಾ ಸಾಸ್ ಹಾಕಿ ಇಳಿಸಿದರೆ ಮುಗಿಯಿತು. ಹೆಚ್ಚುವ ಸಮಯ ಬಿಟ್ಟರೆ ಐದು ನಿಮಿಷದ ಕೆಲಸ.

ನಮ್ಮಲ್ಲಿ ಚೀನೀ ತಿನಿಸು ಎಂದರೆ ಥಟ್ಟನೆ ನೆನಪಾಗುವುದು ಗೋಬಿ ಮಂಚೂರಿ. ಆದರೆ ಅದು ಹುಟ್ಟಿದ್ದು ಭಾರತದಲ್ಲಿ. ಮಂಚೂರಿಯಾಕ್ಕೂ ಅದಕ್ಕೂ ಹೆಸರಿನ ನಂಟಷ್ಟೇ. ಚೀನೀಯರ ನಿತ್ಯದ ಊಟದಲ್ಲಿ ತಪ್ಪದೆ ಇರುವುದು ಮಸಾಲೆಯಿಲ್ಲದ, ಹಸಿರು ಬಣ್ಣ ಕೆಡದ ಈ ಸೊಪ್ಪಿನ ಪಲ್ಯ. ನೋಡಲು ಇಷ್ಟು ಸರಳವಾದ ಈ ಪದಾರ್ಥ ಸಾಮಾನ್ಯ ಮನೆಯ ತಟ್ಟೆಗೆ ಬರಲು ಶತಮಾನಗಳೇ ಬೇಕಾದವು. ಒಮ್ಮೆ ಅದು ಕೋಟ್ಯಂತರ ಮನೆಗಳಿಂದ ಇದ್ದಕ್ಕಿದ್ದಂತೆ ಮಾಯವಾದದ್ದೂ ಉಂಟು. ಹೀಗೆ ಬಂದದ್ದೇಕೆ, ಮಾಯವಾದದ್ದೇಕೆ ಎಂಬುದು ಚೀನಾದ ಜನಜೀವನದ ಇತಿಹಾಸವೇ ಆಗಿದೆ.

ಮರೆಯಾದ ಸೊಪ್ಪು

ಪ್ರಾಚೀನ ಚೀನಾದಲ್ಲಿ ಸೊಪ್ಪನ್ನು ಹುರಿಯುತ್ತಿರಲಿಲ್ಲ, ಬೇಯಿಸುತ್ತಿದ್ದರು. ಧಾನ್ಯದ ಅನ್ನ ಅಥವಾ ಗಂಜಿ, ಅದರೊಂದಿಗೆ 'ಗೆಂಗ್' ಎಂಬ ಮಂದವಾದ ಸಾರು, ಇದೇ ಸಾಮಾನ್ಯರ ಊಟ. ಸೊಪ್ಪಿಗೆ ಎಂಥ ಮಹತ್ವವಿತ್ತೆಂದರೆ, 'ಎರ್‌ಯಾ' ಎಂಬ ಪ್ರಾಚೀನ ನಿಘಂಟು ಬರಗಾಲವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಧಾನ್ಯ ಕೈಕೊಟ್ಟರೆ ಒಂದು ಹೆಸರು, ಕಾಯಿಪಲ್ಯ ಕೈಕೊಟ್ಟರೆ ಇನ್ನೊಂದು ಹೆಸರು. ಇಂದಿಗೂ ಕ್ಷಾಮಕ್ಕೆ ಚೀನೀ ಭಾಷೆಯಲ್ಲಿ ಬಳಸುವ 'ಜೀ ಜಿನ್' ಎಂಬ ಪದ ಈ ಎರಡೂ ಸೇರಿ ಆದದ್ದು.

ಆ ಕಾಲದ ಸೊಪ್ಪುಗಳ ರಾಜ 'ಕ್ವೆಯ್', ಅಂದರೆ ಮ್ಯಾಲೋ ಜಾತಿಯ ಒಂದು ಗಿಡ. ಆರನೆಯ ಶತಮಾನದಲ್ಲಿ ಜಿಯಾ ಸಿಶ್ಯೆ ಎಂಬ ಅಧಿಕಾರಿ ಬರೆದ 'ಚಿಮಿನ್ ಯಾವೊಶು' ಎಂಬ ಕೃಷಿಗ್ರಂಥದಲ್ಲಿ ಸೊಪ್ಪುಗಳ ಪೈಕಿ ಮೊದಲ ಅಧ್ಯಾಯ ಇದಕ್ಕೇ ಮೀಸಲು. 1313ರಲ್ಲಿ ವಾಂಗ್ ಝೆನ್ ಬರೆದ ಇನ್ನೊಂದು ಕೃಷಿಗ್ರಂಥವೂ ಇದನ್ನು ಎಲ್ಲ ಸೊಪ್ಪುಗಳ ಒಡೆಯನೆಂದು ಕರೆಯಿತು. ಆದರೆ ಹದಿನಾರನೆಯ ಶತಮಾನದಲ್ಲಿ ವೈದ್ಯ ಲಿ ಶಿಝೆನ್ ತನ್ನ ಪ್ರಸಿದ್ಧ ಔಷಧಕೋಶವನ್ನು ರಚಿಸುವ ಹೊತ್ತಿಗೆ ಚಿತ್ರ ಪೂರ್ತಿ ಬದಲಾಗಿತ್ತು. 1596ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಆತ ಕ್ವೆಯ್ ಅನ್ನು ತರಕಾರಿಗಳ ವಿಭಾಗದಿಂದ ತೆಗೆದು ಗಿಡಮೂಲಿಕೆಗಳ ವಿಭಾಗಕ್ಕೆ ಹಾಕಿದ. ಕಾರಣವನ್ನೂ ಕೊಟ್ಟ: ಈಗ ಇದನ್ನು ಯಾರೂ ತಿನ್ನುವುದಿಲ್ಲ.

ಇದು ಹೇಗಾಯಿತು? ಕ್ವೆಯ್ ಬೆಂದರೆ ನಮ್ಮ ಬಸಳೆಯಂತೆ ಲೋಳೆ ಬಿಡುತ್ತದೆ. ಸಾರಿಗೆ ಅದು ಗುಣ. ಎಣ್ಣೆಯಿಲ್ಲದ ಊಟಕ್ಕೆ ಆ ಲೋಳೆಯೇ ನುಣುಪು. ಆದರೆ ಎಣ್ಣೆ ಮತ್ತು ಕಬ್ಬಿಣದ ಬಾಣಲೆ ಬಂದ ಮೇಲೆ ಅದರ ಅಗತ್ಯ ಕಡಿಮೆಯಾಯಿತು ಎಂಬುದು ಒಂದು ವಿವರಣೆ. ಅದೇ ಅವಧಿಯಲ್ಲಿ ರೈತರು 'ಬೈಕಾಯ್' ಜಾತಿಯ ಎಲೆಕೋಸುಗಳ ಉತ್ತಮ ತಳಿಗಳನ್ನು ರೂಪಿಸಿದ್ದರು. ಇವು ಚಳಿ ತಡೆಯುತ್ತಿದ್ದವು, ಹೆಚ್ಚು ಇಳುವರಿ ಕೊಡುತ್ತಿದ್ದವು, ಬಾಣಲೆಯಲ್ಲಿ ಗರಿಗರಿಯಾಗಿ ಉಳಿಯುತ್ತಿದ್ದವು. ಹೊರಗಿನಿಂದಲೂ ಸೊಪ್ಪುಗಳು ಬಂದವು. 647ರಲ್ಲಿ ನೇಪಾಳದ ದೊರೆ ಟಾಂಗ್ ಚಕ್ರವರ್ತಿಗೆ ಕಳುಹಿಸಿದ ಕಾಣಿಕೆಗಳಲ್ಲಿ ಪಾಲಕ್ ಇತ್ತೆಂದು ಚೀನೀ ದಾಖಲೆಗಳು ಹೇಳುತ್ತವೆ. ಇಂದು ಬೆಳ್ಳುಳ್ಳಿ ಹಾಕಿ ಹುರಿಯುವ ಸೊಪ್ಪುಗಳಲ್ಲಿ ಅದಕ್ಕೆ ಮುಂಚೂಣಿಯ ಸ್ಥಾನ.

ಕ್ವೆಯ್ ಪೂರ್ತಿ ನಾಶವಾಗಲಿಲ್ಲ. ಸಿಚುವಾನ್, ಹುನಾನ್ ಪ್ರಾಂತಗಳಲ್ಲಿ ಅದನ್ನು ಈಗಲೂ ಸಾರಿಗೆ ಹಾಕುತ್ತಾರೆ. ಕರಾವಳಿಯ ಕನ್ನಡಿಗರಿಗೆ ಕುತೂಹಲವೆನಿಸಬಹುದಾದ ಇನ್ನೊಂದು ಸಂಗತಿಯಿದೆ. ಚೀನೀ ಭಾಷೆಯಲ್ಲಿ ಬಸಳೆಯ ಹೆಸರು 'ಲುವೊ ಕ್ವೆಯ್'. ಹಳೆಯ ರಾಜನ ಹೆಸರು ಲೋಳೆಯ ಇನ್ನೊಂದು ಸೊಪ್ಪಿನಲ್ಲಿ ಉಳಿದುಕೊಂಡಿದೆ.

ಸೌದೆ, ಎಣ್ಣೆ, ಕಬ್ಬಿಣ

ಚೀನೀ ಗೃಹಕೃತ್ಯದಲ್ಲಿ ದಿನಬಳಕೆಗೆ ಬೇಕಾದ ಏಳು ವಸ್ತುಗಳ ಪಟ್ಟಿಯೊಂದು ಗಾದೆಯಂತೆ ಬಳಕೆಯಲ್ಲಿದೆ: ಸೌದೆ, ಅಕ್ಕಿ, ಎಣ್ಣೆ, ಉಪ್ಪು, ಸೋಯಾ ಸಾಸ್, ವಿನೆಗರ್, ಚಹಾ. ಸಾಂಗ್ ವಂಶದ ಕೊನೆಗಾಲದ ಹಾಂಗ್‌ಝೌ ನಗರವನ್ನು ವರ್ಣಿಸಿದ ವೂ ಝಿಮು ಎಂಬ ಲೇಖಕ ಈ ಪಟ್ಟಿಯನ್ನು ಕೊಡುತ್ತಾನೆ. ಇಲ್ಲಿ ಅಕ್ಕಿಗಿಂತ ಮೊದಲು ಸೌದೆ ಬಂದಿರುವುದನ್ನು ಗಮನಿಸಬೇಕು. ಜನ ಹೆಚ್ಚಿ ಕಾಡು ಕರಗಿದ ನಾಡಿನಲ್ಲಿ ಉರುವಲು ದುಬಾರಿ. ಕಡಿಮೆ ಬೆಂಕಿಯಲ್ಲಿ ಬೇಗ ಬೇಯಬೇಕಾದರೆ ಪದಾರ್ಥವನ್ನು ಮೊದಲೇ ಸಣ್ಣಗೆ ಹೆಚ್ಚಬೇಕು, ಪಾತ್ರೆ ತೆಳ್ಳಗಿರಬೇಕು, ಉರಿ ಚುರುಕಾಗಿರಬೇಕು. ಬಾಣಲೆಯ ಹುರಿತ ಚೀನಾದಲ್ಲಿ ಬೇರೂರಲು ಈ ಉರುವಲಿನ ಅಭಾವ ಮುಖ್ಯ ಕಾರಣ ಎಂಬುದು ಆಹಾರದ ಇತಿಹಾಸ ಬರೆದ ಹಲವರ ವಾದ.

ಎಣ್ಣೆಯ ಕಥೆಯೂ ಸ್ವಾರಸ್ಯವಾದದ್ದೇ. ಮೊದಲಲ್ಲಿ ಅಡುಗೆಗೆ ಪ್ರಾಣಿಗಳ ಕೊಬ್ಬೇ ಆಧಾರ. ಜಿಯಾ ಸಿಶ್ಯೆಯ ಗ್ರಂಥದಲ್ಲಿ ಮೊಟ್ಟೆಯನ್ನು ತಾಮ್ರದ ಪಾತ್ರೆಗೆ ಒಡೆದು, ಈರುಳ್ಳಿ ಜಾತಿಯ ಸೊಪ್ಪಿನ ಬಿಳಿಭಾಗವನ್ನೂ ಎಳ್ಳೆಣ್ಣೆಯನ್ನೂ ಸೇರಿಸಿ ಹುರಿಯುವ ವಿಧಾನ ಸಿಗುತ್ತದೆ. ಐನೂರು ವರ್ಷಗಳ ನಂತರ ಎಣ್ಣೆಯ ಗೀಳೇ ಹತ್ತಿತ್ತು. ದಿಕ್ಸೂಚಿಯ ಸೂಜಿಯನ್ನು ವಿವರಿಸಿದ ವಿದ್ವಾಂಸ ಶೆನ್ ಕುವೊ 1088ರ ಸುಮಾರಿಗೆ ಬರೆದ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ರಾಜಧಾನಿಯ ಪಂಡಿತರ ಕೂಟವೊಂದಕ್ಕೆ ಒಂದು ಬುಟ್ಟಿ ಮರುವಾಯಿ ಬಂತು. ಅಡುಗೆಯವನ ಕೈಗೆ ಕೊಟ್ಟು ಎಷ್ಟು ಹೊತ್ತು ಕಾದರೂ ತಟ್ಟೆ ಬರಲಿಲ್ಲ. ವಿಚಾರಿಸಿದರೆ, ಎಣ್ಣೆಯಲ್ಲಿ ಕರಿದು ಕರಿದು ಕಪ್ಪಾದರೂ ಚಿಪ್ಪು ಮೆತ್ತಗಾಗುತ್ತಿಲ್ಲ ಎಂಬ ಉತ್ತರ ಬಂತು! ಉತ್ತರದವರು ಯಾವುದನ್ನು ಕಂಡರೂ ಎಳ್ಳೆಣ್ಣೆಗೆ ಹಾಕುತ್ತಾರೆಂದು ಶೆನ್ ಕುವೊ ನಗುತ್ತಾನೆ.

ಮೂರನೆಯದು ಕಬ್ಬಿಣ. ಎರಕದ ಕಬ್ಬಿಣದ ತಂತ್ರದಲ್ಲಿ ಚೀನಾ ಯುರೋಪಿಗಿಂತ ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು ಮುಂದಿತ್ತು. 1078ರ ವೇಳೆಗೆ ಸಾಂಗ್ ಸಾಮ್ರಾಜ್ಯದ ಕಬ್ಬಿಣದ ಉತ್ಪಾದನೆ ವರ್ಷಕ್ಕೆ 75,000ದಿಂದ 1,50,000 ಟನ್ ಇತ್ತೆಂದು ಇತಿಹಾಸಕಾರ ರಾಬರ್ಟ್ ಹಾರ್ಟ್‌ವೆಲ್ ಅಂದಾಜು ಮಾಡಿದರು. ಆ ಲೆಕ್ಕದ ಬಗ್ಗೆ ಚರ್ಚೆ ಇದೆ. ಮಿಂಗ್ ಮತ್ತು ಚಿಂಗ್ ವಂಶಗಳ ಕಾಲದಲ್ಲಿ ಗ್ವಾಂಗ್‌ಡಾಂಗ್‌ನ ಫೋಶಾನ್ ಪಟ್ಟಣ ಬಾಣಲೆಗಳಿಗೆ ಹೆಸರಾಯಿತು. ಅಲ್ಲಿಂದ ಹಡಗುಗಳಲ್ಲಿ ಬಾಣಲೆಗಳು ಹೊರದೇಶಗಳಿಗೆ ಹೋಗುತ್ತಿದ್ದವು. ಈ ಕಬ್ಬಿಣ ಕರಗಿ ಆಯುಧವಾದೀತೆಂಬ ಭಯದಿಂದ 1731ರಲ್ಲಿ ಚಕ್ರವರ್ತಿ ಯಾಂಗ್‌ಝೆಂಗ್ ಬಾಣಲೆಗಳ ರಫ್ತನ್ನೇ ನಿಷೇಧಿಸಿದ. ನಮ್ಮ ನೆರೆಯ ಕೇರಳದಲ್ಲಿ ಬಾಣಲೆಗೆ ಇಂದಿಗೂ 'ಚೀನಚಟ್ಟಿ' ಎನ್ನುತ್ತಾರೆ. ಕಡಲ ವ್ಯಾಪಾರದ ನೆನಪು ಅಡುಗೆಮನೆಯ ಮಾತಿನಲ್ಲಿ ಉಳಿದಿದೆ.

ಇವೆಲ್ಲ ಇದ್ದರೂ ಸೊಪ್ಪು ತಾಜಾ ಇರದಿದ್ದರೆ ಪ್ರಯೋಜನವಿಲ್ಲ. ಸಾಂಗ್ ಕಾಲದ ಹಾಂಗ್‌ಝೌದಲ್ಲಿ ಪೂರ್ವದ ಬಾಗಿಲಿನಿಂದ ಸೊಪ್ಪು, ಪಶ್ಚಿಮದಿಂದ ನೀರು, ದಕ್ಷಿಣದಿಂದ ಸೌದೆ, ಉತ್ತರದಿಂದ ಅಕ್ಕಿ ಎಂಬ ನಾಣ್ಣುಡಿಯೇ ಇತ್ತು. ಪೂರ್ವದ ಬಾಗಿಲಾಚೆ ಕಣ್ಣು ಹಾಯುವಷ್ಟು ದೂರ ತರಕಾರಿ ತೋಟಗಳು. ಇಂಥ ತೋಟಗಳಿಗೆ ಗೊಬ್ಬರ ಬರುತ್ತಿದ್ದುದು ನಗರದ ಪಾಯಿಖಾನೆಗಳಿಂದ. ಅಮೆರಿಕದ ಕೃಷಿ ವಿಜ್ಞಾನಿ ಎಫ್. ಎಚ್. ಕಿಂಗ್ 1911ರ ತಮ್ಮ ಪುಸ್ತಕದಲ್ಲಿ ದಾಖಲಿಸಿರುವಂತೆ, 1908ರಲ್ಲಿ ಶಾಂಘೈನ ವಿದೇಶೀ ವಸಾಹತಿನ 78,000 ಟನ್ ಮಲವನ್ನು ಸಾಗಿಸುವ ಹಕ್ಕನ್ನು ಒಬ್ಬ ಗುತ್ತಿಗೆದಾರ 31,000 ಡಾಲರ್ ಕೊಟ್ಟು ಪಡೆದಿದ್ದ. ಇಂಥ ಗೊಬ್ಬರದಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿನ್ನುವುದು ಅಪಾಯ. ಅದು ಬೇಯಲೇಬೇಕು, ಉರುವಲೂ ಉಳಿಯಬೇಕು. ಈ ಎರಡು ಒತ್ತಾಯಗಳಿಗೂ ಒಗ್ಗಿದ ಉತ್ತರ ಕಾದ ಬಾಣಲೆ.

ಸ್ವಲ್ಪವೇ ಹುರಿಯಬೇಕು

1792ರಲ್ಲಿ ನಾನ್‌ಜಿಂಗ್‌ನ ಕವಿ ಯುವಾನ್ ಮೇಯ್ ಅಡುಗೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ಬೆಂಕಿಯನ್ನು ಸೌಮ್ಯ ಮತ್ತು ವೀರ ಎಂದು ವಿಂಗಡಿಸುತ್ತಾನೆ. ಹುರಿಯುವುದಕ್ಕೆ ವೀರ ಬೆಂಕಿಯೇ ಬೇಕು. ಉರಿ ಸೋತರೆ ಪದಾರ್ಥವೂ ಸೋಲುತ್ತದೆ. ಹುರಿಯಲು ಕಬ್ಬಿಣದ ಬಾಣಲೆ, ನಿಧಾನ ಬೇಯಿಸಲು ಮಣ್ಣಿನ ಪಾತ್ರೆ ಎನ್ನುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಹುರಿಯುವ ಪದಾರ್ಥ ಕಡಿಮೆ ಇರಬೇಕು ಎಂದು ಎಚ್ಚರಿಸುತ್ತಾನೆ. ಹಂದಿಮಾಂಸವಾದರೆ ಅರ್ಧ 'ಜಿನ್', ಅಂದರೆ ಸುಮಾರು 300 ಗ್ರಾಂ ಮೀರಬಾರದು. ಹೆಚ್ಚಾದರೆ ಶಾಖ ಒಳಗೆ ಇಳಿಯುವುದಿಲ್ಲ.

ಸೊಪ್ಪಿಗೆ ಈ ಮಾತು ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ. ಬಾಣಲೆ ತುಂಬ ಸೊಪ್ಪು ತುರುಕಿದರೆ ಶಾಖ ಇಳಿದು, ಸೊಪ್ಪು ನೀರು ಬಿಟ್ಟು, ಹುರಿಯುವ ಬದಲು ಬೇಯತೊಡಗುತ್ತದೆ. ಬೆಂದ ಎಲೆಯ ಜೀವಕೋಶಗಳಿಂದ ಹೊರಬರುವ ಆಮ್ಲ ಪತ್ರಹರಿತ್ತಿನಲ್ಲಿರುವ ಮೆಗ್ನೀಸಿಯಮ್ ಅನ್ನು ಕಸಿದುಕೊಳ್ಳುತ್ತದೆ; ಏಳೆಂಟು ನಿಮಿಷ ಕಳೆಯುವಷ್ಟರಲ್ಲಿ ಹಸಿರು ಮಾಸಿ ಕಂದಾಗುತ್ತದೆ. ಅದಕ್ಕೆ ಮುಂಚೆಯೇ ಇಳಿಸುವುದು, ಮುಚ್ಚಳ ಮುಚ್ಚದೆ ಆಮ್ಲದ ಆವಿಯನ್ನು ಹೋಗಬಿಡುವುದು, ನೀರೊಡೆಯದಂತೆ ಉಪ್ಪನ್ನು ಕೊನೆಗೆ ಹಾಕುವುದು, ಇವು ರಸಾಯನಶಾಸ್ತ್ರ ಹುಟ್ಟುವ ಮೊದಲೇ ಮನೆಯ ಹೆಂಗಸರು ಅನುಭವದಿಂದ ಕಂಡುಕೊಂಡ ಸೂತ್ರಗಳು. ಈ ವಿಧಾನಕ್ಕೆ ಇಂಗ್ಲಿಷಿನಲ್ಲಿ ಇಂದು ಎಲ್ಲರೂ ಬಳಸುವ 'ಸ್ಟರ್-ಫ್ರೈ' ಎಂಬ ಹೆಸರು ಬಂದದ್ದು 1945ರಲ್ಲಿ, ವೈದ್ಯೆ ಬೂವೇಯ್ ಯಾಂಗ್ ಚಾವೊ ಅಮೆರಿಕದಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಿಂದ.

ಕುಲುಮೆ ಸೇರಿದ ಬಾಣಲೆ

ಯುವಾನ್ ಮೇಯ್ ಹೇಳಿದ ಈ ಮಿತಿಯ ಅರ್ಥ ಚೀನಾಕ್ಕೆ ಕಹಿಯಾಗಿ ತಿಳಿದದ್ದು 1958ರಲ್ಲಿ. ಮಾವೋ ಅವರ 'ಮಹಾ ಮುನ್ನೆಗೆತ' ಕಾರ್ಯಕ್ರಮದಡಿ ಆ ಒಂದೇ ವರ್ಷದಲ್ಲಿ ಉಕ್ಕಿನ ಉತ್ಪಾದನೆಯನ್ನು ಎರಡು ಪಟ್ಟು ಮಾಡಿ 1 ಕೋಟಿ 7 ಲಕ್ಷ ಟನ್ನಿಗೆ ಏರಿಸುವ ಗುರಿ ಇಡಲಾಯಿತು. ಹಳ್ಳಿ ಹಳ್ಳಿಗಳಲ್ಲಿ ಮಣ್ಣಿನ ಕುಲುಮೆಗಳೆದ್ದವು. ಅದಿರು ಸಾಲದೆ ಮನೆಗಳಿಂದ ಕಬ್ಬಿಣ ಸಂಗ್ರಹಿಸಿದರು. ಬಾಣಲೆ, ಸೌಟುಗಳೂ ಕುಲುಮೆ ಸೇರಿದವು. ಹೊರಬಂದದ್ದರಲ್ಲಿ ಬಹುಪಾಲು ಉಪಯೋಗಕ್ಕೆ ಬಾರದ ಗಟ್ಟಿ. ಮನೆಯಲ್ಲಿ ಒಲೆ ಹಚ್ಚುವ ಅಗತ್ಯವೇ ಇಲ್ಲವೆಂದು ಕಮ್ಯೂನುಗಳು ಸಾಮೂಹಿಕ ಭೋಜನಶಾಲೆಗಳನ್ನು ತೆರೆದವು. ಆ ವರ್ಷದ ಕೊನೆಯ ಹೊತ್ತಿಗೆ ಅವುಗಳ ಸಂಖ್ಯೆ ಹಲವು ಲಕ್ಷಗಳನ್ನು ಮುಟ್ಟಿತ್ತು.

ನೂರಾರು ಜನಕ್ಕೆ ಒಂದೇ ಹಂಡೆಯಲ್ಲಿ ಸೊಪ್ಪನ್ನು ಹುರಿಯಲಾಗದು, ಬೇಯಿಸಬಹುದಷ್ಟೇ. ಮೊದಲ ತಿಂಗಳುಗಳಲ್ಲಿ ಹೊಟ್ಟೆ ತುಂಬ ಊಟವಿತ್ತು. ಆಮೇಲೆ ನೀರಾದ ಗಂಜಿ, ಕೊನೆಗೆ ಅದೂ ಇಲ್ಲ. ಮನೆಯಲ್ಲಿ ಬಾಣಲೆ ಇಲ್ಲದವರು ಕಾಡುಸೊಪ್ಪು ಕಿತ್ತು ತಂದರೂ ಅದನ್ನು ಬೇಯಿಸಿಕೊಳ್ಳಲು ಪರದಾಡಬೇಕಾಯಿತು. ಕೆಲವೆಡೆ ಮನೆಯಿಂದ ಹೊಗೆ ಎದ್ದರೆ ಕಾರ್ಯಕರ್ತರು ಬಂದು ವಿಚಾರಿಸುತ್ತಿದ್ದರು. 1959ರಿಂದ 1961ರವರೆಗಿನ ಆ ಕ್ಷಾಮದಲ್ಲಿ ಸತ್ತವರ ಸಂಖ್ಯೆಯ ಅಂದಾಜುಗಳು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇವೆ. ಧಾನ್ಯ ಮತ್ತು ಕಾಯಿಪಲ್ಯ ಎರಡೂ ಕೈಕೊಡುವ, ಹಳೆಯ ನಿಘಂಟಿನ 'ಜೀ ಜಿನ್' ಅದಾಗಿತ್ತು. 1961ರಲ್ಲಿ ಭೋಜನಶಾಲೆಗಳನ್ನು ಕೈಬಿಟ್ಟ ಮೇಲೆ ಮನೆಗಳಲ್ಲಿ ಮತ್ತೆ ಒಲೆ ಹೊತ್ತಿತು. ಆದರೆ ಅಡುಗೆ ಎಣ್ಣೆ ಪಡಿತರದ ವಸ್ತುವಾಗಿಯೇ ಉಳಿಯಿತು. ಅದರ ಚೀಟಿಗಳು ಪೂರ್ತಿ ಮರೆಯಾದದ್ದು 1990ರ ದಶಕದ ಆರಂಭದಲ್ಲಿ.

ಈ ಅನುಭವ ಚೀನೀಯರ ಮಾತಿನಲ್ಲೂ ನೆಲೆಸಿದೆ. ದುಡಿದರೂ ದುಡಿಯದಿದ್ದರೂ ಎಲ್ಲರಿಗೂ ಒಂದೇ ಪಾಲು ಸಿಗುವ ವ್ಯವಸ್ಥೆಗೆ ಅವರು 'ದೊಡ್ಡ ಹಂಡೆಯ ಅನ್ನ' ಎನ್ನುತ್ತಾರೆ. ಒಬ್ಬರಿಗೆಂದೇ ವಿಶೇಷ ಮುತುವರ್ಜಿ ವಹಿಸುವುದಕ್ಕೆ, ಉದಾಹರಣೆಗೆ ಹಿಂದುಳಿದ ವಿದ್ಯಾರ್ಥಿಗೆ ಪ್ರತ್ಯೇಕವಾಗಿ ಪಾಠ ಹೇಳುವುದಕ್ಕೆ, 'ಸಣ್ಣ ಒಲೆ ಹಚ್ಚುವುದು' ಎನ್ನುತ್ತಾರೆ.

ಹುರಿದ ಸೊಪ್ಪು ಈ ಸಣ್ಣ ಒಲೆಯ ಪದಾರ್ಥ. ಒಂದು ಮನೆಗೆ ತನ್ನದೇ ಆದ ಬಾಣಲೆ, ಎರಡು ಚಮಚ ಎಣ್ಣೆ, ಐದು ನಿಮಿಷದ ಉರಿ ಮತ್ತು ಅಂದು ಕಿತ್ತ ಒಂದು ಕಟ್ಟು ಸೊಪ್ಪು ಇದ್ದರೆ ಮಾತ್ರ ಅದು ಸಾಧ್ಯ. ನಮ್ಮ ಅಡುಗೆಮನೆಯ ಹರಿವೆ, ಪಾಲಕ್, ಎಳೆಯ ಬಸಳೆಯ ಕುಡಿ ಯಾವುದಕ್ಕೂ ಈ ವಿಧಾನ ಒಗ್ಗುತ್ತದೆ. ಸೊಪ್ಪು ಹೆಚ್ಚಿದ್ದರೆ ಎರಡು ಸಲ ಹುರಿಯಬೇಕು, ಒಟ್ಟಿಗೆ ಸುರಿಯಬಾರದು. ಇನ್ನೂರು ವರ್ಷಗಳ ಹಿಂದೆ ಯುವಾನ್ ಮೇಯ್ ಹೇಳಿದ್ದೂ ಅಷ್ಟೇ.